ಐದು ಮನೆಯ ಬೆಳ್ಳಿ

ಪುಣೆ
೮ ಜುಲೈ ೨೦೨೪

ಖೈರುನಬಿ ಚಾಚಿಯವರಿಗೆ ಸೃಷ್ಟಿಯ ನಮಸ್ಕಾರಗಳು.

ಉಮದಿ ಬಸ್ಸಿಗೆ ಹಾಕಿದ ಡಬ್ಬಿ ಸರಿಯಾಗಿ ಬಂದು ಮುಟ್ಟಿತು. ಜುಮುಕಿಗಳೆಲ್ಲ ಚಲೋ ಆಗಿವೆ. ಒಂದರ ಕೊಂಡಿ ಮಾತ್ರ ಬಿಗಿಯಿತ್ತು, ನಾನೇ ಸಡಿಲಿಸಿಕೊಂಡೆ. ಶೌಕತ ಚಾಚಾ ಮತ್ತೆ ಚಾಳೀಸು ಹಾಕಿಕೊಳ್ಳದೆ ಬೆಸುಗೆಗೆ ಕೂತಿದ್ದರು ಅಂತ ಕಾಣುತ್ತದೆ. ನಾನು ಬೈದೆ ಅಂತ ಹೇಳಿ.

ನನ್ನ ಅಂಗಡಿಯಲ್ಲಿ ಈಗಲೂ ಎಲ್ಲಕ್ಕಿಂತ ಮೊದಲು ಖರ್ಚಾಗುವುದು ನೀವು ಬಡಿದುಕೊಡುವ ತಿರಪಿ ಕಡಗವೇ. ಪುಣೆಯ ಹೆಣ್ಣುಮಕ್ಕಳು ಅದರ ಮೇಲಿನ ಸುತ್ತಿಗೆಯ ಗುರುತು ಮುಟ್ಟಿ, ಇದು ಕೈಯಿಂದಲೇ ಮಾಡಿದ್ದಲ್ಲವಾ ಎಂದು ಕೇಳುತ್ತಾರೆ. ನಾನು ಪ್ರತಿ ಸಲ ಅದೇ ಕಥೆ ಹೇಳುತ್ತೇನೆ. ನಮ್ಮ ಶೇಗಾಂವದ ಮನೆಯಲ್ಲಿ ಅಪ್ಪನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲ. ಅಪ್ಪ ಹುಟ್ಟಿದಾಗ ಅವನ ತಾಯಿ ರುಕ್ಮವ್ವ ಆಯಿ ತೊಟ್ಟಿಲು ತೂಗಿದ ಐದು ಮನೆಗೆ ಹೋಗಿ ಉಡಿಯೊಡ್ಡಿ ಬೆಳ್ಳಿ ಬೇಡಿದಳು. ಅದನ್ನು ಕರಗಿಸಿ ಅಪ್ಪನ ಕಾಲಿಗೆ ಕಡಗ ಹಾಕಿಸಿದಳು. ಬೇಡಿ ತಂದ ಜೀವವನ್ನು ದೇವರು ವಾಪಸ್ ಕೇಳುವುದಿಲ್ಲವಂತೆ. ದೃಷ್ಟಿ ತಾಗಬಾರದೆಂದು ಆ ಕಡಗಕ್ಕೆ ಪಾಲಿಶ್ ಇಲ್ಲ, ಹೂವು ಬಳ್ಳಿ ಇಲ್ಲ, ಬಡಿದದ್ದು ಬಡಿದಹಾಗೆಯೇ. ಸಾಲಿಯ ಹಾಜರಿಯಲ್ಲಿ ಅಪ್ಪ ಮುರಗೆಪ್ಪ, ಓಣಿಯಲ್ಲಿ ಇವತ್ತಿಗೂ ತಿರಕ್ಯಾ, ತಿರಿದು ತಂದವನು. ಈ ಕಥೆ ಕೇಳಿದ ಮೇಲೆ ಯಾರೂ ಕಡಗವನ್ನು ಕೆಳಗಿಡುವುದಿಲ್ಲ.

ಇಷ್ಟು ಬರೆದು ಪೆನ್ನು ಬದಿಗಿಟ್ಟು ಎದ್ದು ಹೋಗಿದ್ದೆ. ಮತ್ತೆ ಬಂದು ಕೂತಿದ್ದೇನೆ.

ಚಾಚಿ, ನನಗೆ ಐದನೆಯ ತಿಂಗಳು. ಇದು ಮೂರನೆಯದು. ಮೊದಲಿನ ಎರಡೂ ನಿಲ್ಲಲಿಲ್ಲ. ಹೋದ ಸಲ ಅವ್ವನಿಗೆ ಫೋನು ಮಾಡಿ ಹೇಳಿದೆ, ಅವ್ವ ಕುಬಸಕ್ಕೆ ಹಸಿರು ಸೀರೆ ತಂದಿಟ್ಟಳು, ಆ ವಾರದಲ್ಲೇ ಹೋಯಿತು. ಅದಕ್ಕೇ ಈ ಸಲ ಅವ್ವನಿಗೂ ಹೇಳಿಲ್ಲ, ಆಯಿಗೂ ಹೇಳಿಲ್ಲ. ವಿಡಿಯೋದಲ್ಲಿ ಮುಖ ಮಾತ್ರ ತೋರಿಸುತ್ತೇನೆ. ನನ್ನ ಗಂಡ ರಾಜಕುಮಾರನಿಗೆ ಮತ್ತು ಡಾಕ್ಟರಿಗೆ ಬಿಟ್ಟರೆ ಈಗ ನಿಮಗೊಬ್ಬರಿಗೆ ಗೊತ್ತು. ಮೆಟ್ಟಿಲು ಹತ್ತಬೇಡ, ಬಗ್ಗಬೇಡ, ಮಲಗೇ ಇರು ಎಂದಿದ್ದಾರೆ. ಮಲಗಿದರೆ ಹೆದರಿಕೆ ಇನ್ನೂ ಹೆಚ್ಚು. ಸೊಂಟ ಹಿಡಿದರೆ ಹೆದರಿಕೆ, ಹಿಡಿಯದಿದ್ದರೂ ಹೆದರಿಕೆ.

ನಿಮಗೇ ಯಾಕೆ ಹೇಳಿದೆ ಎಂದರೆ, ಬೆಳ್ಳಿ ಬಡಿಯುವ ಅಡಿಗಲ್ಲಿನ ಪಕ್ಕ ಕೂತು ಕೂತು ನಿಮ್ಮ ಕಿವಿ ಹೋಗಿವೆ, ಫೋನಿನಲ್ಲಿ ನನ್ನ ದನಿ ನಡುಗುವುದು ನಿಮಗೆ ಕೇಳಿಸುವುದಿಲ್ಲ. ಕಾಗದದಲ್ಲಿ ಧೈರ್ಯವಾಗಿ ಬರೆಯಬಹುದು ಅಂದುಕೊಂಡಿದ್ದೆ. ಎಲ್ಲಿಯ ಧೈರ್ಯ!

ನನಗೂ ಒಂದು ಕಡಗ ಮಾಡಿಕೊಡಿ. ಅಂಗಡಿಗಲ್ಲ.

ನಿಮ್ಮ
ಸೃಷ್ಟಿ


ಉಮದಿ
೨ ಆಗಸ್ಟ್ ೨೦೨೪

ಸೃಷ್ಟಿ ಬಾಯಾರಿಗೆ ಖೈರುನಬಿ ಮಾಡುವ ಸಲಾಮು.

ನಾವು ಕ್ಷೇಮ. ನಿಮ್ಮ ಕ್ಷೇಮಕ್ಕ ಬರೀರಿ.

ಈ ಡಬ್ಬಿಯೊಳಗ ಕಿವಿಯೋಲೆ, ಕಾಲುಂಗುರ ಮತ್ತು ನೀವು ಹೇಳಿದ ಸರದ ಗುಂಡು ಇಟ್ಟೀನಿ. ಗುಂಡಿನ ತೂತು ಸಣ್ಣ ಆದ್ರ ತಿಳಸ್ರಿ. ಚಾಳೀಸಿನ ಮಾತು ಫಿರದೋಸನ ಅಬ್ಬಾಗ ಮುಟ್ಟಿಸಿದೆ. ಕೇಳಿದವರಂಗ ತಲಿ ಹಾಕಿದ್ರು, ಮತ್ತ ಹಂಗ ಕುಂತ್ರು. ನಮ್ಮ ಮನಿಯಾಗ ಕಿವುಡರು ಯಾರು ಅನ್ನೂದ ತಿಳೀವಲ್ದು.

ಕಡಗದ ವಿಷಯ. ಅದು ನನ್ನ ಕೈಲೆ ಆಗೂದಿಲ್ಲ. ಜತ್ತಿನಾಗ ಬೆಳ್ಳಿ ಕೆಲಸದವರು ಭಾಳ ಮಂದಿ ಇದ್ದಾರ. ಅವರ ಕಡೆ ಮಾಡಿಸ್ರಿ. ಸಿಟ್ಟಾಗಬ್ಯಾಡ್ರಿ.

ಭಾರ ಎತ್ತಬ್ಯಾಡ್ರಿ.

ಖೈರುನಬಿ


ಪುಣೆ
೬ ಆಗಸ್ಟ್ ೨೦೨೪

ಚಾಚಿ,

ನಿಮ್ಮ ಪತ್ರ ಬರುವವರೆಗೆ ನಾನು ಏನೇನು ಎಣಿಸಿಕೊಂಡೆನೋ ದೇವರಿಗೇ ಗೊತ್ತು. ಜುಲೈ ತಿಂಗಳೆಲ್ಲ ಡಬ್ಬಿ ಬರಲಿಲ್ಲ. ರಾಜಕುಮಾರನನ್ನು ಎರಡು ಸಲ ಬಸ್‌ಸ್ಟ್ಯಾಂಡಿಗೆ ಕಳಿಸಿದೆ. ಉಮದಿ ಬಸ್ಸು ಬಂತು, ಡಬ್ಬಿ ಇಲ್ಲ. ಕೊನೆಗೆ ಬಂದ ಡಬ್ಬಿಯಲ್ಲಿ ಈ ನಾಲ್ಕು ಸಾಲು.

ನೀವು ಪುಣೆಯ ಬಾಯಂದಿರ ಕೈಗೆ ಎಷ್ಟು ಬೇಕಾದರೂ ತಿರಪಿ ಕಡಗ ಬಡಿದುಕೊಟ್ಟಿರಿ. ನನ್ನ ಕೂಸಿಗೆ ಆಗುವುದಿಲ್ಲವೇ? ನಾನು ಆಯಿಯ ಕಥೆಯನ್ನು ಅಂಗಡಿಯಲ್ಲಿ ಹೇಳಿ ಮಾರಿದೆನಲ್ಲ, ಅದಕ್ಕೆ ಸಿಟ್ಟೇ? ಹಾಗಿದ್ದರೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಅಥವಾ ನಿಮಗೆ ಏನಾದರೂ ಅನ್ನಿಸಿತೇ? ಹಿರಿಯರಿಗೆ ಕೆಲವೊಂದು ಮೊದಲೇ ತಿಳಿಯುತ್ತದೆ ಅಂತಾರೆ. ಈ ಕೂಸೂ ಉಳಿಯುವುದಿಲ್ಲ ಎಂದು ನಿಮ್ಮ ಮನಸ್ಸಿಗೆ ಬಂದಿದ್ದರೆ ಅದನ್ನಾದರೂ ಬರೆಯಿರಿ. ಇಲ್ಲ, ಬರೆಯಬೇಡಿ.

ಜತ್ತಿನವರ ಹತ್ತಿರ ನಾನು ಮಾಡಿಸುವುದಿಲ್ಲ. ಬೇಡಿ ತಂದಿರದ ಬೆಳ್ಳಿಗೆ ಕೈ ಹಚ್ಚಬಾರದು ಎಂಬ ಕಾರಣಕ್ಕೆ ಒಲ್ಲೆ ಅಂದಿರಬಹುದು ಎಂದುಕೊಂಡು ನಾನೇ ಬೇಡಿದ್ದೇನೆ. ಮಲಗಿದಲ್ಲಿಂದಲೇ ಗಿರಾಕಿಗಳಿಗೆ ಸಂದೇಶ ಕಳಿಸಿದೆ: ಹಳೆಯ ಬೆಳ್ಳಿ ಕೊಡಿ, ಮುಂದಿನ ತಿಂಗಳು ಹೊಸದು ಒಯ್ಯಿರಿ ಅಂತ. ಐದು ಮನೆಗಳಿಂದ ಬಂದಿದೆ. ಎಲ್ಲರೂ ಮಕ್ಕಳೊಂದಿಗರೇ, ಕೇಳಿ ತಿಳಿದುಕೊಂಡಿದ್ದೇನೆ. ಈ ಡಬ್ಬಿಯಲ್ಲಿ ಕಟ್ಟಿ ಕಳಿಸುತ್ತಿದ್ದೇನೆ. ಕೂಲಿ ತೆಗೆದುಕೊಳ್ಳಬಾರದು ಎಂಬ ರೀತಿಯೂ ಗೊತ್ತು, ಕೊಡುವುದಿಲ್ಲ.

ಇನ್ನೇನು ಅಡ್ಡಿ?

ಸೃಷ್ಟಿ


ಉಮದಿ
೧೩ ಆಗಸ್ಟ್ ೨೦೨೪

ಸೃಷ್ಟಿ ಬಾಯಾರಿಗೆ ಸಲಾಮು.

ಮೊದಲು ನಿಮ್ಮ ಬೆಳ್ಳಿ ಮಾತು ಮುಗಸ್ತೀನಿ. ಹಳೇದು ಕೊಡ್ರಿ, ಹೊಸಾದು ಒಯ್ರಿ ಅಂದ್ರ ಅದು ಬೇಡಿದ್ದಲ್ಲ, ಸಂತಿ. ಬೇಡೂದು ಅಂದ್ರ ಒಬ್ಬರ ಬಾಗಲಿಗೆ ಹೋಗಿ ನಿಂದ್ರೂದು. ಅವರು ಯಾಕ ಅನ್ನಬಾರದು, ನಾವು ಇದಕ್ಕ ಅನ್ನಬಾರದು. ಇನ್ನ ನೀವು ಕಳಿಸಿದ್ದರಾಗ ಒಂದು ಕಿವಿಯೋಲೆ ನನ್ನ ಕೈದು! ಹಿಂದಿನ ಬೇಸಗಿಯಾಗ ಬಡದದ್ದು. ನನ್ನ ಬೆಳ್ಳೀನ ನನಗ ಬೇಡಿ ಕಳಿಸೀರಿ. ಫಿರದೋಸನ ಅಬ್ಬಾ ಅದನ್ನ ನೋಡಿ ಕಣ್ಣಾಗ ನೀರು ಬರೂತನ ನಕ್ಕರು. ನನಗೂ ನಗಿ ಬಂತು. ಆಮ್ಯಾಲ ಅಳು ಬಂತು.

ನಿಮ್ಮ ಕೂಸಿನ ಬಗ್ಗೆ ನನಗ ಕೆಟ್ಟದ್ದು ಒಂದೂ ಅನಿಸಿಲ್ಲ. ಖುದಾನ ಆಣಿ. ನನಗ ನನ್ನ ಕೈದ ಹೆದರಿಕಿ.

ನನ್ನ ಮಗಳು ಫಿರದೋಸನ್ನ ಇದ ಊರಾಗ ಕೊಟ್ಟೀವಿ, ನಿಮಗ ಗೊತ್ತದ. ಜುಮುಕಿಗೆ ಮಣಿ ಪೋಣಿಸಾಕಿ ಆಕೀನ. ಆಕಿಗೂ ನಿಮ್ಮಂಗ ಎರಡು ಹೋದವು. ಮೂರನೇದು ಗಂಡು ಹುಟ್ಟಿತು. ಈ ರೀತಿ ನಮ್ಮ ಕಡೆ ಯಾವ ಜಾತಿಯವರೂ ಬಿಟ್ಟಿಲ್ಲ. ಫಿರದೋಸ ಐದು ಮನಿಗೆ ಹೋದಳು, ಎಲ್ಲಾರೂ ಕೊಟ್ರು. ಆಕಿ ಅಬ್ಬಾ ಕರಗಿಸಿದ್ರು, ನಾನು ಬಡದೆ, ನಾನ ಅವನ ಕಾಲಿಗೆ ಒತ್ತಿ ಹಾಕಿದೆ. ಅವನು ನಡಿಯಾಕ ಕಲತ. ಕಡಗ ಕಲ್ಲಿಗೆ ಬಡದು ಸಪ್ಪಳ ಆಗ್ತದ ಅಂತಿದ್ರು, ನನಗೆಲ್ಲಿ ಕೇಳಬೇಕು? ನಾನು ನೆಲಕ್ಕ ಅಂಗೈ ಹಚ್ಚಿ ಕುಂದ್ರತಿದ್ದೆ. ಅವನು ಬರೂದು ಅಂಗೈಗೆ ತಿಳೀತಿತ್ತು.

ಒಂದು ಮುಂಜಾನೆ ಮೈ ಕಾಯ್ದಿತ್ತು. ಮಧ್ಯಾಹ್ನಕ್ಕ ಕಣ್ಣು ಮ್ಯಾಲ ಹೋದವು. ಜೀಪು ಮಾಡಿಕೊಂಡು ಜತ್ತಿಗೆ ಹೊಂಟ್ವಿ. ಜತ್ತ ಮುಟ್ಟೂ ಮೊದಲ ಅವನು ನನ್ನ ತೊಡಿ ಮ್ಯಾಲ ಹೋಗಿದ್ದ. ಫಿರದೋಸ ಒದರತಿದ್ದಳು, ಬಾಯಿ ತೆರದದ್ದು ನನಗ ಕಾಣತಿತ್ತು, ದನಿ ಇರಲಿಲ್ಲ. ಅವನ ಕಾಲಾಗ ಕಡಗ ಇತ್ತು.

ಹೋದ ವರ್ಷದ ಮಾತು ಇದು. ಆಗ ನಿಮಗ ಕೆಲಸ ತಡಾ ಆಗ್ತದ ಅಂತಷ್ಟ ಬರದಿದ್ದೆ. ನೀವು ಆಗಲಿ ಅಂದಿದ್ರಿ.

ಬೇಡಿದ ಬೆಳ್ಳಿಗೆ ಸೋಲು ಇಲ್ಲ ಅಂತಾರ. ಅಂದಮ್ಯಾಲ ಸೋತದ್ದು ಯಾವುದು? ಬಡದ ಕೈಯ ಅಲ್ಲೇನು? ಫಿರದೋಸನ ಅಬ್ಬಾ ಹುಚ್ಚಿ ಅಂತಾರ, ಆಯುಷ್ಯ ಬರದಾವ ಬ್ಯಾರೆ ಇದ್ದಾನ ಅಂತಾರ. ಅವರು ಅಂದದ್ದು ತಲಿಗೆ ತಿಳೀತದ, ಕೈಗೆ ತಿಳಿಯೂದಿಲ್ಲ. ನಿಮ್ಮ ಅಂಗಡಿ ಕಡಗ ಬಡಿಯೂದು ನನಗ ಯಾಕ ಹಗರ ಅನಸ್ತಿತ್ತು ಗೊತ್ತೇನು? ಅದರಾಗ ಯಾರ ಜೀವಾನೂ ಇರಲಿಲ್ಲ. ದೊಡ್ಡ ಬಾಯಂದಿರು ಕೈಗೆ ಹಾಕ್ಕೋತಾರ, ತಗದಿಡತಾರ. ಈಗ ನೀವು ಅದರಾಗ ಜೀವ ಇಡಾಕ ಹೇಳ್ತೀರಿ. ನನ್ನಿಂದ ಆಗೂದಿಲ್ಲ.

ನಿಮ್ಮ ಬೆಳ್ಳಿ ವಾಪಸ್ ಕಳಿಸೀನಿ.

ಖೈರುನಬಿ


ಪುಣೆ
೨೪ ಆಗಸ್ಟ್ ೨೦೨೪

ಚಾಚಿ,

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನಿನ್ನೆ ಬೆಳಿಗ್ಗೆ ರಕ್ತ ಕಂಡಿತು. ಮೊದಲಿನ ಎರಡು ಸಲವೂ ಹೀಗೇ ಸುರುವಾಗಿತ್ತು. ಹೊಟ್ಟೆಗೆ ಪಟ್ಟಿ ಕಟ್ಟಿದ್ದಾರೆ, ಯಂತ್ರದಲ್ಲಿ ಕೂಸಿನ ಎದೆ ಬಡಿತ ಕೇಳಿಸುತ್ತದೆ. ನಡುವೆ ಒಮ್ಮೊಮ್ಮೆ ಪಟ್ಟಿ ಸರಿದು ಸದ್ದು ನಿಲ್ಲುತ್ತದೆ. ನರ್ಸ್ ಬಂದು ಸರಿಪಡಿಸುವವರೆಗೆ ನಾನು ಉಸಿರಾಡುವುದಿಲ್ಲ.

ನಿಮ್ಮ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಹೋದ ವರ್ಷ ನೀವು ಕೆಲಸ ತಡ ಅಂದಾಗ, ಆಗಲಿ ಅಂದು ಸುಮ್ಮನಾದೆನಲ್ಲ, ಯಾಕೆ ಎಂದು ಒಂದು ಮಾತು ಕೇಳಲಿಲ್ಲವಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಕಡಗ ಬೇಡ ಚಾಚಿ. ನನ್ನ ಹೆದರಿಕೆಯನ್ನು ಒಯ್ದು ನಿಮ್ಮ ಕೈಗೆ ಕಟ್ಟಲು ಹೋದೆ. ನಿಮ್ಮ ಕೈಯಲ್ಲಿ ಮೊದಲೇ ಅಷ್ಟಿತ್ತು.

ಮತ್ತೆ ಯಾವಾಗ ಬರೆಯುತ್ತೇನೋ ಗೊತ್ತಿಲ್ಲ.

ಸೃಷ್ಟಿ


ಉಮದಿ
೯ ಸೆಪ್ಟೆಂಬರ್ ೨೦೨೪

ಮಗಳ ಸೃಷ್ಟಿ,

ಇನ್ನ ಬಾಯಾರ ಅನ್ನೂದಿಲ್ಲ. ಸಿಟ್ಟು ಬಂದ್ರ ಬರಲಿ.

ನಿನ್ನ ಪತ್ರ ಓದಿದಾಗಿಂದ ಒಲಿ ಮುಂದ ಕುಂತ್ರೂ ಮೈ ತಣ್ಣಗ. ಫಿರದೋಸನ ಅಬ್ಬಾ ಅಂದ್ರು, "ಫೋನ್ ಹಚ್ಚತೀನಿ ತಡಿ, ಆ ಹುಡುಗಿ ಹ್ಯಾಂಗದ ಕೇಳೂಣು." ನಾ ಅವರ ಕೈಯಾನ ಫೋನ್ ಕಸಗೊಂಡು ಹಿಟ್ಟಿನ ಡಬ್ಬಿಯಾಗ ಇಟ್ಟೆ. ಯಾಕಂದ್ರ ಅವರು ಕೇಳಿ ನನಗ ಹೇಳೂ ಮೊದಲ ಅವರ ಮಾರಿ ನನಗ ಕಾಣತದ. ಆ ಮಾರಿ ನೋಡೂ ಧೈರ್ಯ ನನಗ ಇರಲಿಲ್ಲ.

ಹಿಂಗ ಹೆದರಿ ಕುಂದ್ರೂದಕ್ಕಿಂತ ಹೆದರಿ ಅಡ್ಡಾಡೂದು ಚಲೋ ಅನಿಸ್ತು. ಬೇಡೂದು ತಾಯಿ ಕೆಲಸ. ತಾಯಿ ಹಾಸಗಿ ಹಿಡದ್ರ ತವರಿನವರು ಬೇಡಬೇಕು. ನೀ ತವರಿಗೆ ಹೇಳಿಲ್ಲ, ನನಗೊಬ್ಬಾಕಿಗೆ ಹೇಳೀದಿ. ಹಂಗಾದ್ರ ನಾನ ನಿನ್ನ ತವರು. ಇದರಾಗ ಲೆಕ್ಕ ತಪ್ಪಿದ್ರ ನಿಮ್ಮ ರುಕ್ಮವ್ವ ಆಯಿ ನನ್ನ ಕೂಡ ಜಗಳಾಡಲಿ.

ಹೋದ ಸೋಮವಾರ ಮುಂಜಾನೆ ಉಡಿ ಕಟ್ಟಿಕೊಂಡು ಹೊಂಟೆ. ಅಕ್ಕವ್ವನ ಮನಿ ಮುಂದ ನಿಂತೆ. ಆಕಿ ಮೊದಲ ಬಾಯಿಬಡಕಿ, ಏನೇನೋ ಕೇಳಿದಳು, ಕೈ ತಿರುವಿ ತಿರುವಿ ಕೇಳಿದಳು. ಕಿವಿ ಹೋದದ್ದು ಅವತ್ತು ಉಪಯೋಗ ಆತು. ಉಡಿ ಮುಂದ ಹಿಡದು ಸುಮ್ಮನ ನಿಂತೆ. ಆಕಿ ಬಾಯಿ ಮುಚ್ಚಿಕೊಂಡು ಒಳಗ ಹೋಗಿ ಒಂದು ಕಾಲುಂಗುರ ತಂದು ಹಾಕಿದಳು. ಸಿದ್ದವ್ವ ಕೀಲಿ ಗೊಂಚಲದ ಬೆಳ್ಳಿ ಕೊಕ್ಕಿ ಕೊಟ್ಟಳು. ಅಪ್ಪಾಸಾಹೇಬರ ಮನಿಯಾಗ ಮುದುಕರ ಅಂಗಿ ಗುಂಡಿ ಕೊಟ್ರು. ಅವರ ಸೊಸಿ ಮರಾಠಿಯೊಳಗ ಏನೋ ಅಂದು ಕಣ್ಣು ಒರಸಿಕೊಂಡಳು. ನಮ್ಮ ಓಣಿಯಾಗ ನೆರಮನಿಯಾಕಿ ಕಾಲಚೈನಿನ ಹರಕ ತುಂಡು ಹಾಕಿದಳು. ನಾಲ್ಕು ಮನಿ ಆತು. ಐದನೇದಕ್ಕ ಕನ್ನಡ ಸಾಲಿ ಹಿಂದಿನ ಮನಿಗೆ ಹೊಂಟಿದ್ದೆ. ದಾರ್ಯಾಗ ಫಿರದೋಸನ ಮನಿ. ತಲಿ ಬಗ್ಗಿಸಿ ಲಗೂನ ದಾಟಿ ಹೋಗಾಕ ನೋಡಿದೆ.

ಹಿಂದಿನಿಂದ ನನ್ನ ಸೆರಗು ಹಿಡದು ಜಗ್ಗಿದ್ರು. ಹೊಳ್ಳಿ ನೋಡಿದ್ರ ಆಕಿ. ಆಕಿ ತುಟಿ ನನಗ ಪುಸ್ತಕ ಇದ್ದಂಗ, ಒಂದಕ್ಷರ ತಪ್ಪೂದಿಲ್ಲ.

"ಅಮ್ಮಾ, ಎಲ್ಲಾರ ಬಾಗಲಿಗೆ ಹೋದಿ. ನನ್ನ ಬಾಗಲ ಯಾಕ ಬಿಟ್ಟಿ?"

"ನಿನಗ ಗೊತ್ತದಲ್ಲ, ತೊಟ್ಟಿಲ ತೂಗಿದ ಮನಿದಷ್ಟ ಆಗ್ತದ," ಅಂದೆ. ಅಂದಮ್ಯಾಲ ನಾಲಿಗಿ ಕಡಕೊಂಡೆ.

"ನಾ ತೂಗಿಲ್ಲೇನು ಹಂಗಾದ್ರ? ನನ್ನ ಮನಿಯಾಗ ಯಾರೂ ಮಲಗಿ ಏಳಲಿಲ್ಲೇನು?"

ಆಕಿ ಒಳಗ ಹೋದಳು. ಹೊರಗ ಬಂದು ಉಡಿಯಾಗ ಹಾಕಿದ್ದು ಅವನ ಕಡಗ. ಸೃಷ್ಟಿ, ಉಡಿಗೆ ಬಿದ್ದದ್ದನ್ನ ವಾಪಸ್ ಕೊಡಬಾರದು. ಕೊಟ್ರ ಕೇಳಿದ ಕೂಸಿಗೂ ಕೇಡು, ಕೊಟ್ಟ ಮನಿಗೂ ಕೇಡು. ಫಿರದೋಸಗ ಇದು ಗೊತ್ತದ. ಗೊತ್ತಿದ್ದ ಹಾಕಿದಳು.

"ಯಾರ ಕೂಸಿಗೆ ಅಂತ ನಾ ಕೇಳೂದಿಲ್ಲ," ಅಂದಳು, "ಡಬ್ಬಿಯಾಗ ಕುಂತು ಅದಕ್ಕೂ ಕಪ್ಪಾಗೂದು ಸಾಕಾಗ್ಯದ." ಬಾಗಲಾ ಹಾಕ್ಕೊಂಡಳು.

ಮನಿಗೆ ಬಂದು ಉಡಿ ಬಿಚ್ಚಿದೆ. ಫಿರದೋಸನ ಅಬ್ಬಾ ಆ ಕಡಗದ ಗುರುತು ಹಿಡದ್ರು. ಎದ್ದು ಹೋಗಿ ಚಾಳೀಸು ತಂದು ಹಾಕ್ಕೊಂಡು ಒಲಿ ಹಚ್ಚಿದ್ರು. ಕರಗಿಸೂ ಮೂಸಿಯಾಗ ಐದೂ ಕೂಡಿದವು. ಅಕ್ಕವ್ವಂದು ಯಾವುದು, ನಮ್ಮ ಕೂಸಿಂದು ಯಾವುದು, ಏನೂ ತಿಳೀಲಿಲ್ಲ. ತಣ್ಣಗಾದಮ್ಯಾಲ ಬಡಿಯಾಕ ಕುಂತೆ. ಒಂದು ಏಟು ಜಾರಿ ಅಂಚಿಗೆ ಬಿದ್ದದ, ನೋಡು, ಕಾಣತದ. ಅದನ್ನ ತಿದ್ದಲಿಲ್ಲ. ಬಿಟ್ಟು ಏಳಬೇಕು ಅನಿಸಿದಾಗೆಲ್ಲ ನಿನ್ನ ಯಂತ್ರದ ಸಪ್ಪಳ ನೆನಸಿಕೊಂಡೆ. ಅದು ನಿಂತ್ರ ಹ್ಯಾಂಗ ಅಂತ ಬಡದೆ, ಬಡದೆ, ಮುಗಿಸೇ ಎದ್ದೆ.

ಈಗ ನಿನಗ ಹೇಳಬೇಕಲ್ಲ. ಹೇಳದ ಕಳಿಸಿದ್ರ ನಿನಗ ಗೊತ್ತ ಆಗ್ತಿರಲಿಲ್ಲ. ಆದ್ರ ತಿಳೀದ ಹಾಕಿದ ಕಡಗ ಕೂಸಿನ ಕಾಲಾಗಿದ್ರ ನನಗ ನಿದ್ದಿ ಹತ್ತೂದಿಲ್ಲ. ಇದರಾಗ ಹೋದ ಕೂಸಿನ ಬೆಳ್ಳಿ ಅದ. ಕಡಗದ ಬಾಯಿ ತೆರದ ಇಟ್ಟೀನಿ, ಕಾಲಿಗೆ ಹಾಕಿ ನೀನ ಒತ್ತಬೇಕು. ಒಲ್ಲೆ ಅಂದ್ರ ಒತ್ತಬ್ಯಾಡ. ನನಗ ಸಿಟ್ಟಿಲ್ಲ, ಫಿರದೋಸಗ ನಾ ಹೇಳೂದಿಲ್ಲ.

ನೀ ಹ್ಯಾಂಗದಿ?

ನಿನ್ನ ಚಾಚಿ
ಖೈರುನಬಿ


ಉಮದಿ
೨೦ ಅಕ್ಟೋಬರ್ ೨೦೨೪

ಮಗಳ ಸೃಷ್ಟಿ,

ಕಡಗ ಕಳಿಸಿ ತಿಂಗಳ ಮ್ಯಾಲಾತು. ನಿನ್ನ ಕಡಿಂದ ಏನೂ ಇಲ್ಲ. ದಿನಾ ಬಸ್ಸಿನ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ ಬರ್ತೀನಿ. ಕಂಡಕ್ಟರ್ ದೂರಿಂದ ಕೈ ಆಡಿಸ್ತಾನ.

ನಿನಗ ಬರಿಯೂ ಕಷ್ಟ ಕೊಡೂದಿಲ್ಲ. ಕೂಸು ಇದ್ದರ ಕಡಗ ಇಟ್ಕೊ, ಏನೂ ಬರೀಬ್ಯಾಡ. ಇಲ್ಲಾ ಅಂದ್ರ ಕಡಗ ಡಬ್ಬಿಯಾಗ ಹಾಕಿ ವಾಪಸ್ ಕಳಸು. ಆಗೂ ಏನೂ ಬರೀಬ್ಯಾಡ. ನಾ ತಿಳಕೋತೀನಿ.

ಚಾಚಿ


ಪುಣೆ
೨೧ ಅಕ್ಟೋಬರ್ ೨೦೨೪

ಪ್ರೀತಿಯ ಚಾಚಿಗೆ,

ಕೂಸು ಇದೆ. ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಹೆಣ್ಣು. ಏಳು ತಿಂಗಳಿಗೇ ಹುಟ್ಟಿದಳು, ನಿಮ್ಮ ಡಬ್ಬಿ ಬಸ್ಸಿನಿಂದ ಇಳಿದ ದಿನವೇ. ಹುಟ್ಟಿದಾಗ ಅಳಲಿಲ್ಲ. ಆ ಹೊತ್ತಿನ ಬಗ್ಗೆ ನನಗೆ ಇವತ್ತಿಗೂ ಮಾತಾಡಲು ಆಗುವುದಿಲ್ಲ. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿದಳು. ಅಂದಿನಿಂದ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಪೆಟ್ಟಿಗೆಯ ತೂತಿನೊಳಗೆ ಕೈ ಹಾಕಿ ಒಂದು ಬೆರಳಿನಿಂದ ಅವಳ ಪಾದ ಮುಟ್ಟಲು ಬಿಡುತ್ತಿದ್ದರು. ಮೊನ್ನೆ ಗುರುವಾರ ಮನೆಗೆ ಕರೆತಂದೆವು.

ನಿಮ್ಮ ಡಬ್ಬಿಯನ್ನು ರಾಜಕುಮಾರ ಬಿಚ್ಚದೆ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದ. ಅದರಲ್ಲಿ ಏನಿದೆಯೋ, ಓದಿ ನಾನು ಏನಾಗುತ್ತೇನೋ ಎಂದು ಅವನಿಗೂ ಹೆದರಿಕೆ. ಮನೆಗೆ ಬಂದ ಮೇಲೆ ಕೊಟ್ಟ. ನೀವು ಇಷ್ಟು ದಿನ ಕಾದಿರಿ ಎಂದು ನೆನೆದರೆ ಅವನನ್ನು ಎರಡು ಬಡಿಯಬೇಕು ಅನ್ನಿಸುತ್ತದೆ.

ಸುಳ್ಳು ಬರೆಯುವುದಿಲ್ಲ ಚಾಚಿ. ಫಿರದೋಸ ಉಡಿಗೆ ಹಾಕಿದ್ದು ಏನು ಎಂದು ಓದಿದ ಕೂಡಲೇ ಕಡಗ ನನ್ನ ಕೈಯಿಂದ ಬಿತ್ತು. ಹೆಕ್ಕಲಿಲ್ಲ. ಕಸ ಗುಡಿಸುವವಳು ಅದನ್ನು ಎತ್ತಿ ಕಿಟಕಿಯಲ್ಲಿಟ್ಟಳು. ಎರಡು ದಿನ ಆ ಕಿಟಕಿಯ ಕಡೆಗೆ ನೋಡಲೂ ಇಲ್ಲ. ಮಗಳನ್ನು ಆ ಕೋಣೆಗೇ ಒಯ್ಯಲಿಲ್ಲ. ಇಷ್ಟು ಕೆಟ್ಟ ಮನಸ್ಸು ನನ್ನದು ಎಂದು ಗೊತ್ತಿರಲಿಲ್ಲ.

ಆಮೇಲೆ ನಿಮ್ಮ ಹಳೆಯ ಪತ್ರ ತೆಗೆದು ಮತ್ತೆ ಓದಿದೆ. ನೀವು ನೆಲಕ್ಕೆ ಅಂಗೈ ಹಚ್ಚಿ ಕೂತಿರುತ್ತಿದ್ದಿರಿ, ಅವನು ಬರುವುದು ತಿಳಿಯುತ್ತಿತ್ತು ಎಂದು ಬರೆದಿದ್ದಿರಿ. ಚಾಚಿ, ನನ್ನ ಮೊದಲಿನ ಎರಡು ನೆಲ ಮುಟ್ಟಲೇ ಇಲ್ಲ. ಫಿರದೋಸಳ ಮಗ ನಡೆದಿದ್ದ. ಈ ಬೆಳ್ಳಿ ಉಮದಿಯ ಅಂಗಳದಲ್ಲಿ ಓಡಾಡಿ ಬಂದಿದೆ. ಅಷ್ಟು ನಡೆದ ಬೆಳ್ಳಿಗೆ ನಾನು ಹೆದರಬೇಕೇ? ಎದ್ದು ಹೋಗಿ ತಂದು ಅವಳ ಕಾಲಿಗೆ ಹಾಕಿ ಒತ್ತಿದೆ. ಕಾಲು ಇನ್ನೂ ನನ್ನ ಹೆಬ್ಬೆರಳಿನಷ್ಟೇ ಇದೆ, ಕಡಗ ಜಾರುತ್ತದೆ. ಒಳಗೆ ಬಟ್ಟೆಯ ಅಂಚು ಸುತ್ತಿದ್ದೇನೆ. ಅಂಚಿನಲ್ಲಿ ನಿಮ್ಮ ಸುತ್ತಿಗೆ ಜಾರಿದ ಗುರುತಿದೆಯಲ್ಲ, ಅಲ್ಲಿ ಬೆರಳಿಟ್ಟುಕೊಂಡು ಕೂರುತ್ತೇನೆ.

ಹೆದರಿಕೆ ಹೋಯಿತು ಅಂದುಕೊಳ್ಳಬೇಡಿ. ಅವಳು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ, ಎಚ್ಚರವಿದ್ದರೆ ಯಾಕೆ ಮಲಗಲಿಲ್ಲ ಎಂದು ನೋಡುತ್ತೇನೆ. ಅವ್ವನಿಗೂ ಆಯಿಗೂ ಹೇಳಿದೆ. ಆಯಿ ಫೋನಿನಲ್ಲಿ ನನ್ನ ಜನ್ಮ ಜಾಲಾಡಿದಳು. "ತವರು ಸತ್ತಿತ್ತೇನ ನಿಂದು? ಹಡಿಯೂ ಮಗಳು ಹೇಳಬಾರದೇನ?" ಎಂದು ಬೈದು, ಬೈಯುತ್ತಲೇ ಕೂಸಿಗೆ ತಿರಕವ್ವ ಅಂತ ಹೆಸರಿಟ್ಟು, ಅಪ್ಪನನ್ನು ಕರೆದುಕೊಂಡು ಬರಲು ಗಂಟು ಕಟ್ಟುತ್ತಿದ್ದಾಳೆ. ನೀವು ನನ್ನ ತವರಾಗಿ ಬೇಡಿದ್ದನ್ನು ಹೇಳಿದೆ. ಅದಕ್ಕೆ ಮಾತ್ರ ಜಗಳಾಡಲಿಲ್ಲ.

ಅಂಗಡಿಯಲ್ಲಿ ಉಳಿದಿದ್ದ ತಿರಪಿ ಕಡಗಗಳನ್ನು ಈ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೇನೆ. ಕರಗಿಸಿಬಿಡಿ. ಆ ಕಥೆಯನ್ನು ಇನ್ನು ನನ್ನಿಂದ ಹೇಳಿ ಮಾರಲು ಆಗುವುದಿಲ್ಲ. ಜುಮುಕಿ ಮಾಡೋಣ, ಸರ ಮಾಡೋಣ, ಬೇಕಾದಷ್ಟಿದೆ.

ಒಂದು ಕೇಳುವುದಿದೆ. ಫಿರದೋಸಳ ಮಗನ ಹೆಸರನ್ನು ನೀವು ಯಾವ ಪತ್ರದಲ್ಲೂ ಬರೆದಿಲ್ಲ. ಅವನು, ನಮ್ಮ ಕೂಸು ಎಂದಷ್ಟೇ ಬರೆದಿದ್ದೀರಿ. ಅವನ ಹೆಸರೇನು? ಇವಳ ಕಾಲಲ್ಲಿ ಇರುವವನನ್ನು ನಾನು ಏನೆಂದು ಕರೆಯಲಿ?

ನಿಮ್ಮ ಮಗಳು
ಸೃಷ್ಟಿ


ಉಮದಿ
೨೯ ಅಕ್ಟೋಬರ್ ೨೦೨೪

ಮಗಳ ಸೃಷ್ಟಿ,

ನೀ ಶಾಣ್ಯಾಕಿ ಅಂತ ತಿಳಿದಿದ್ದೆ. ನಿನ್ನಂಥ ದಡ್ಡಿ ಈ ಜತ್ತ ತಾಲೂಕಿನಾಗ ಹುಡುಕಿದ್ರೂ ಸಿಗೂದಿಲ್ಲ. ನನ್ನ ಪತ್ರ ಒಂದು ಬಸ್ಸಿನಾಗ ಪುಣೆಕ ಹೊಂಟದ, ನಿನ್ನ ಡಬ್ಬಿ ಇನ್ನೊಂದು ಬಸ್ಸಿನಾಗ ಇತ್ತ ಬಂದದ. ಕಡಗ ವಾಪಸ್ ಬಂದ್ರ ಕೂಸಿಲ್ಲ ಅಂತ ತಿಳಕೋತೀನಿ ಅಂದಿದ್ದೆ. ಕಂಡಕ್ಟರ್ ಡಬ್ಬಿ ಕೈಗಿಟ್ಟ. ಅಲ್ಲಾಡಿಸಿದೆ. ಒಳಗ ಬೆಳ್ಳಿ ಬಡದಾಡಿದ್ದು ಅಂಗೈಗೆ ತಿಳೀತು. ಕಡಗದ ಬಡತ ನನ್ನ ಕೈಗೆ ತಿಳೀದೇನ? ಸ್ಟ್ಯಾಂಡಿನಾಗ ಕುಂತುಬಿಟ್ಟೆ. ಯಾರೋ ನೀರು ಕುಡಿಸಿ ಮನಿಗೆ ಬಿಟ್ರು.

ಡಬ್ಬಿ ಬಿಚ್ಚಲಿಲ್ಲ. ಫಿರದೋಸನ ಅಬ್ಬಾಗೂ ಮುಟ್ಟಗೊಡಲಿಲ್ಲ. ಗ್ವಾಡಿ ಮಾಡದಾಗ ಇಟ್ಟು ಅದರ ಕಡೆ ಬೆನ್ನು ಮಾಡಿ ಮಲಗಿದೆ. ಎರಡೂ ಕೂಸು ನನ್ನ ಕೈಯಾಗ ಹೋದವು ಅಂತ ತಲಿಯಾಗ ಅದ ತಿರಗತಿತ್ತು. ಅವರು ಹೋಗಿ ಫಿರದೋಸನ್ನ ಕರಕೊಂಡು ಬಂದ್ರು. ಆಕಿ ಬಂದಾಕಿನ ಡಬ್ಬಿ ತಗದಳು. ಆಕಿ ಏನು ಓದತಾಳೋ ನೋಡಬಾರದು ಅಂತ ನಾ ಕಣ್ಣು ಗಟ್ಟಿ ಮುಚ್ಚಿಕೊಂಡೆ. ಕಣ್ಣು ಮುಚ್ಚಿದ ಕಿವುಡಿಗೆ ಯಾರು ಏನು ಹೇಳಾಕ ಆಗ್ತದ?

ಆಗ ಆಕಿ ನನ್ನ ಕೈ ಹಿಡದು ಜಗ್ಗಿ, ಅಂಗೈ ನೆಲಕ್ಕ ಒತ್ತಿದಳು. ಒತ್ತಿ ಹಿಡದು, ಬಾಜೂಕ ಇನ್ನೊಂದು ಕೈಲೆ ನೆಲಾ ಬಡದಳು. ಸಣ್ಣಗ, ಒಂದು, ಮತ್ತೊಂದು. ಕೂಸು ನಡದಂಗ.

ಕಣ್ಣು ತೆರದೆ. ಆಕಿ ಅಳಾಕತ್ತಿದ್ದಳು, ನಗಾಕತ್ತಿದ್ದಳು. ಆ ಕಡಗ ಯಾರ ಕಾಲಿಗೆ ಹೋಗ್ಯದ ಅಂತ ಆಕಿಗೆ ಅವತ್ತ ತಿಳೀತು. ಅಂಗಡಿ ಕಡಗ ಕರಗಿಸ್ತೀವಿ. ತಿರಕವ್ವಗ ಎಣ್ಣಿ ಹಚ್ಚಿ ಎಳಿಬಿಸಲಿಗೆ ಮಲಗಿಸು. ಹೆದರಿಕಿ ನನಗೂ ಹೋಗಿಲ್ಲ. ಆಕಿ ನಡಿಯೂತನ ಹೋಗೂದಿಲ್ಲ, ನಡದಮ್ಯಾಲೂ ಹೋಗೂದಿಲ್ಲ. ಇರಲಿ.

ಹೆಸರು ಕೇಳೀದಿ. ಬರೀಬೇಕಂತ ಎರಡು ಸಲ ಪೆನ್ನು ಹಿಡದೆ, ಕೈ ಏಳವಲ್ದು. ಫಿರದೋಸ ಇಲ್ಲೇ ಕುಂತಾಳ. ಪೆನ್ನು ಕೊಡು ಅಂತಾಳ. ಕೊಡತೀನಿ.

ಸೃಷ್ಟಿ ಅಕ್ಕಾ, ಅವನ ಹೆಸರು ಜಮೀರ. ಇಲ್ಲಿ ಯಾರೂ ಈಗ ಕರೆಯೂದಿಲ್ಲ, ನಾ ಅತ್ತೇನು ಅಂತ ಹೆದರತಾರ. ನೀವು ಕರೀರಿ.